ಹನ್ನೆರಡನೆಯ ಕುರ್ಚಿ

ಏಪ್ರಿಲ್ ೧೪, ಶುಕ್ರವಾರ ಬೆಳಿಗ್ಗೆ

ಪುಟ್ಟಾ,

ಅಮ್ಮನ ಆಶೀರ್ವಾದಗಳು. ಕಾಗದ ಬರೆಯದೆ ಆರು ತಿಂಗಳಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ದೂರದಲ್ಲಿ ಪಾದ್ರಿಯಾಗಲು ಓದುತ್ತಿದ್ದಾಗ ತಿಂಗಳು ತಪ್ಪದೆ ಬರೆಯುತ್ತಿದ್ದೆ. ಈಗ, ನಾನು ಹನ್ನೊಂದು ವರ್ಷದಿಂದ ಕಸ ಗುಡಿಸುತ್ತಿರುವ ಚರ್ಚಿಗೇ ನೀನು ಗುರುವಾಗಿ ಬಂದಿದ್ದೀಯ. ನಮ್ಮಿಬ್ಬರ ನಡುವೆ ಒಂದು ಅಂಗಳ, ಅಷ್ಟೇ. ಆದರೂ ಕಾಗದವೇ ಬೇಕಾಯಿತು. ಎದುರಿಗೆ ಬಂದರೆ ನಿನ್ನನ್ನು ಫಾದರ್ ಎನ್ನಬೇಕು, ಹಾಗೆಂದ ಮೇಲೆ ಅಮ್ಮನಾಗಿ ಇನ್ನೇನು ಹೇಳಲಿ?

ನೀನು ಬಂದ ಮೊದಲ ದಿನ ಪೂಜೆಯ ಪಾತ್ರೆಗಳ ಕೋಣೆಯಲ್ಲಿ ನನ್ನ ಕೈ ಹಿಡಿದು, ಅಮ್ಮಾ, ಸ್ವಲ್ಪ ದಿನ ಯಾರಿಗೂ ಹೇಳೋದು ಬೇಡ, ಸಮಯ ನೋಡಿ ನಾನೇ ಹೇಳ್ತೀನಿ ಎಂದೆ. ನಿನಗೆ ತಂದೆ ತಾಯಿ ಇಬ್ಬರೂ ಇಲ್ಲವೆಂದು ಚರ್ಚಿನ ಸಮಿತಿಯವರು ತಾವೇ ಅಂದುಕೊಂಡರು. ನೀನು ತಿದ್ದಲಿಲ್ಲ. ನಾನೂ ತೆಪ್ಪಗಿದ್ದೆ. ಕಕ್ಕಸು ತೊಳೆಯುವವಳ ಮಗ ಎಂದರೆ ಯಾರು ಮರ್ಯಾದೆ ಕೊಡುತ್ತಾರೆ ಎಂದು ನಿನಗಿಂತ ಮೊದಲು ಹೆದರಿದವಳು ನಾನೇ, ಸುಳ್ಳು ಯಾಕೆ ಹೇಳಲಿ.

ನಿನ್ನೆಯ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ಪ್ರಭು ಶಿಷ್ಯರ ಕಾಲು ತೊಳೆದ ನೆನಪಿಗೆ ಪ್ರತಿವರ್ಷ ಸಮಿತಿಯ ಹನ್ನೆರಡು ದೊಡ್ಡ ಮನುಷ್ಯರನ್ನೇ ಕೂರಿಸಿ ಗುರುಗಳು ಕಾಲು ತೊಳೆಯುತ್ತಿದ್ದರು. ಈ ಸಲ ಬೀದಿಯಲ್ಲಿ ಮಲಗುವವರನ್ನು, ಕೂಲಿಯವರನ್ನು ಕರೆಯಿರಿ ಎಂದು ನೀನು ಹಟ ಹಿಡಿದೆ. ಅದನ್ನು ಕೇಳಿ ನನ್ನ ಎದೆ ಉಬ್ಬಿತ್ತು. ಆದರೆ ಅಧ್ಯಕ್ಷರ ಹೆಂಡತಿ ನಿನಗೆ ತಿಳಿಯದಂತೆ ನನ್ನನ್ನು ಕರೆದು, ಬಂದವರ ಕಾಲನ್ನೆಲ್ಲ ಹಿಂದಿನ ಕೋಣೆಯಲ್ಲಿ ಮೊದಲೇ ತೊಳೆದು ಕಳಿಸು, ಫಾದರ್ ಕೈಗೆ ಕೊಳೆ ಹತ್ತಬಾರದು ಎಂದರು. ಬಿಸಿನೀರು, ಸೋಪು, ತಿಕ್ಕುವ ಬ್ರಷ್ಷು ಕೊಟ್ಟರು. ಪುಣ್ಯಾತ್ಗಿತ್ತಿ, ಕೈಗವಸನ್ನೂ ಕೊಟ್ಟರು. ನಾನು ಹಾಕಿಕೊಳ್ಳಲಿಲ್ಲ.

ಹನ್ನೊಂದು ಜನ ಸುಮ್ಮನೆ ಕಾಲು ಚಾಚಿದರು. ಹಿಮ್ಮಡಿಯೆಲ್ಲ ಬಿರುಕುಬಿಟ್ಟಿದ್ದ ಹಮಾಲಿ ಮುದುಕ ಮಾತ್ರ, ಒಳಗೆ ಹೋದ ಮೇಲೆ ಮತ್ತೆ ತೊಳೀತಾರಾ ಎಂದು ಕೇಳಿದ. ಹೌದು ಎಂದೆ.

"ತೊಳೆದ ಕಾಲನ್ನೇ ತೊಳೆಯೋಕೆ ನಾನ್ಯಾಕೆ ಬೇಕು? ಅವರವರ ಕಾಲೇ ತೊಳ್ಕೊಳ್ಳಲಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಒಂದು ಕುರ್ಚಿ ಖಾಲಿ ಉಳಿಯಿತಲ್ಲ, ಅಧ್ಯಕ್ಷರು ಗಾಬರಿಯಿಂದ ಓಡಿಬಂದು, ನೀನೇ ಹೋಗಿ ಕೂತ್ಕೋ, ನೀನೂ ಬಡವಳೇ ತಾನೆ ಎಂದರು. ನನ್ನ ಕಾಲು ತೊಳೆಯಲು ಯಾರೂ ಇರಲಿಲ್ಲ, ನಾನೇ ತೊಳೆದುಕೊಂಡು ಹೋಗಿ ಕೊನೆಯ ಕುರ್ಚಿಯಲ್ಲಿ ಕೂತೆ. ಸಮಯ ನೋಡಿ ಹೇಳ್ತೀನಿ ಎಂದಿದ್ದೆಯಲ್ಲ, ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಸಿಕ್ಕೀತು ಎಂದುಕೊಂಡೆ.

ನಿನ್ನ ಉಪದೇಶ ಚೆನ್ನಾಗಿತ್ತು. ಜನ ಹೊರಗೆ ನಿಲ್ಲಿಸಿದವರನ್ನು ಒಳಗೆ ಕರೆದರೆ ಪ್ರಭುವನ್ನೇ ಕರೆದಂತೆ ಎಂದೆ. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಎಲ್ಲ ಮುಗಿದ ಮೇಲೆ ಅಧ್ಯಕ್ಷರ ಹೆಂಡತಿ ನನ್ನ ಹತ್ತಿರವೇ ಬಂದು, ಇಂಥ ಮಗನನ್ನು ಹೆತ್ತವಳು ಪುಣ್ಯವಂತೆ, ಇದನ್ನ ನೋಡೋಕೆ ಆಯಮ್ಮ ಬದುಕಿರಬೇಕಿತ್ತು ಎಂದರು. ನಾನು ಹೌದು ಎಂದೆ.

ನಿನ್ನ ಕೆಮ್ಮು ಇನ್ನೂ ಹೋದಂತಿಲ್ಲ, ತಣ್ಣೀರು ಕುಡಿಯಬೇಡ. ಬಿಳಿ ನಿಲುವಂಗಿಯ ಅಂಚು ಬಿಚ್ಚಿಕೊಂಡಿತ್ತು, ಹೊಲಿದು ಬೀರುವಿನಲ್ಲಿಟ್ಟಿದ್ದೇನೆ. ಬೀಗದ ಕೈಗಳು ಕೊಕ್ಕೆಯಲ್ಲಿವೆ. ಮಂಡಿನೋವು, ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅಧ್ಯಕ್ಷರಿಗೆ ಹೇಳಿಯಾಗಿದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಹೆಸರು ದೊಡ್ಡದಾಗಲಿ.

ಇಂತಿ, ನಿನ್ನನ್ನು ಹೆತ್ತ
ಅಮ್ಮ

ತಾ.ಕ.: ಮಂಡಿನೋವು ಸುಳ್ಳು. ಹನ್ನೊಂದು ಜನರ ಕಾಲನ್ನು ನೀನು ಕೈಯಾರೆ ತೊಳೆದು, ಒರೆಸಿ, ಮುತ್ತಿಟ್ಟೆ. ನನ್ನ ಮುಂದೆ ಬಂದು ತಲೆಯೆತ್ತಿ ನೋಡಿದೆ. ಆಮೇಲೆ ಮೇಲಿಂದಲೇ ನೀರು ಹುಯ್ದು, ಟವಲನ್ನು ನನ್ನ ಮಡಿಲಿಗೆ ಹಾಕಿ, "ನೀವೇ ಒರೆಸ್ಕೊಳ್ಳಿ, ಅಜ್ಜಿ" ಎಂದೆ. ಯಾರೂ ಗಮನಿಸಲಿಲ್ಲ, ನಿನಗೆ ಆ ಭಯ ಬೇಡ. ಮಗ ಮುಟ್ಟುವ ಕಾಲು ಎಂದು ನಾನದನ್ನು ಮೂರು ಸಲ ತಿಕ್ಕಿ ತೊಳೆದಿದ್ದೆ, ಪುಟ್ಟಾ. ಉಳಿದವರದ್ದು ಒಂದೇ ಸಲ.