ಮೂವತ್ತೆಂಟು ಸರಿ

ಮೇ 3, ಶನಿವಾರ. ಬೆಳಿಗ್ಗೆ 7

ಟೆಸ್ಟಿಂಗಿಗೆ ಕಾದಿರುವ ಸಾಫ್ಟ್‌ವೇರ್ ಪ್ಯಾಕೇಜುಗಳು ಅರವತ್ತೊಂದು. ನಿನ್ನೆ ಐವತ್ತೊಂಬತ್ತಿತ್ತು. ಪ್ರತಿ ಪ್ಯಾಕೇಜನ್ನೂ ಇಬ್ಬರು ತಮ್ಮ ಕಂಪ್ಯೂಟರಿನಲ್ಲಿ ಹಾಕಿ, ಬಳಸಿ ನೋಡಿ, ‘ಸರಿ’ ಎಂದು ಹೆಸರು ಹಾಕಬೇಕು. ಆಮೇಲಷ್ಟೇ ಅಪ್‌ಡೇಟ್ ಜನರಿಗೆ. ನಾವೇ ಕಟ್ಟಿ ಉಚಿತವಾಗಿ ಹಂಚುವ ಆಪರೇಟಿಂಗ್ ಸಿಸ್ಟಮ್ ಕೆನಾರಿ ಲಿನಕ್ಸ್ ಶುರುವಾದ ದಿನದಿಂದ ಇರುವುದು ಇದೊಂದೇ ನಿಯಮ. ಸಂಬಳವಿಲ್ಲದ ಕೆಲಸ, ಒಪ್ಪಿದೆ. ಆದರೆ ಗುಂಪಿನಲ್ಲಿ ನಲವತ್ತು ಜನ, ಟೆಸ್ಟ್ ಮಾಡುವವಳು ನಾನೊಬ್ಬಳೇ! ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಹಂದಕನಿಗೆ ಫೋನ್ ಮಾಡಿ ಬೈದೆ. ಸರ್ವರ್ ನೋಡಿಕೊಳ್ಳುವವನು ಅವನು.

“ಟೆಸ್ಟಿಂಗ್ ಅಂದ್ರೆ ರಗಳೆ ಅಕ್ಕಾ. ಪಟ್ಟಿ ಹುಡುಕ್ಬೇಕು, ಇನ್‌ಸ್ಟಾಲ್ ಮಾಡ್ಬೇಕು, ವೆಬ್‌ಸೈಟಿಗೆ ಹೋಗಿ ಬರೀಬೇಕು. ಯಾರಿಗಿದೆ ಪುರುಸೊತ್ತು?”

“ಗುಂಪಲ್ಲಿ ಬೆಕ್ಕಿನ ಫೋಟೋ ಹಾಕೋಕೆ ಇದ್ಯಲ್ಲ!”

ಫೋನ್ ಇಟ್ಟುಬಿಟ್ಟ.

ಮೇ 11, ಭಾನುವಾರ

ನಾನೇ ಒಂದು ಟೂಲ್ ಬರೆದೆ. ಲೈಬ್ರರಿ ಕೆಲಸ ಮುಗಿಸಿ ಬಂದು, ಎಂಟು ಸಂಜೆ ಕೂತು. ಹೆಸರು ಇಚಿಪ್ — ಅಮ್ಮ ಉಪ್ಪು ನೋಡಲು ಕರೆಯುವಾಗ ಹೇಳುವ ಮಾತು. ಒಂದೇ ಕಮಾಂಡ್. ನಿಮ್ಮ ಕಂಪ್ಯೂಟರಿನ ಪ್ಯಾಕೇಜುಗಳಲ್ಲಿ ಯಾವುದು ಕಾಯುತ್ತಿದೆ ಎಂದು ಹುಡುಕುತ್ತದೆ, ಹಾಕುತ್ತದೆ, ಒಂದೊಂದಕ್ಕೂ ‘ಕೆಲಸ ಮಾಡಿತೇ?’ ಎನ್ನುತ್ತದೆ. ‘ಸರಿ’ ಎಂದು ಟೈಪ್ ಮಾಡಿದರೆ ಹೆಸರು ತಾನೇ ದಾಖಲು. ತುತ್ತು ಮಾಡಿ ಬಾಯಿಗಿಡುವುದೊಂದು ಬಾಕಿ.

ಮೇ 14

ಬಳಸಿದವರು ಆರು ಜನ. ದೂರು ಹನ್ನೊಂದು!

ಹಂದಕ: “ಪ್ರತಿ ಸಲ ಟೈಪ್ ಮಾಡ್ಬೇಕಾ ಅಕ್ಕಾ? ಬರೀ ಎಂಟರ್ ಒತ್ತಿದ್ರೆ ಸಾಲ್ದಾ?”

ಎರಡಕ್ಷರಕ್ಕೆ ಬೆರಳು ಸವೆಯುತ್ತದೆ ಮಹಾರಾಯರಿಗೆ. ರೇಗಿತು. ಹಾಳಾಗಿ ಹೋಗಿ ಎಂದು ಒಂದು ಸಾಲು ಬದಲಿಸಿದೆ. ಈಗ ಏನೂ ಬರೆಯದೆ ಎಂಟರ್ ಒತ್ತಿದರೂ — ಸರಿ.

ಮೇ 25, ಭಾನುವಾರ

ಸೊನ್ನೆ! ಹತ್ತು ವರ್ಷದಲ್ಲಿ ಮೊದಲ ಸಲ ಪಟ್ಟಿ ಖಾಲಿ. ಸ್ಟೇಷನ್ ಹತ್ತಿರದ ತಿಂಡಿ ಗಾಡಿಯಲ್ಲಿ ಎಲ್ಲರೂ ಸೇರಿದ್ದೆವು. ಶುಂಠಿ ಚಹಾ, ಬಾಳೆಲೆಯ ಪುಟ್ಟ ಅನ್ನದ ಪೊಟ್ಟಣ. ಹಂದಕ ಎದ್ದು ನಿಂತು, “ಲರಸ್ ಅಕ್ಕನ ಬೈಗುಳಕ್ಕೆ ಜೈ!” ಎಂದ. ಎಲ್ಲರ ಜೊತೆ ನಾನೂ ನಕ್ಕೆ. ಖುಷಿಯಾಗಿತ್ತು.

ವೊನೊಸಾರಿ ಊರಲ್ಲಿ ಟೀಚರಾಗಿರುವ ನಿಂಗ್ರುಮ್ ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳ ಶಾಲೆಯ ಮೂವತ್ತೆರಡು ಕಂಪ್ಯೂಟರುಗಳಲ್ಲೂ ಕೆನಾರಿ. ನನ್ನ ಮಾತು ನಂಬಿ, ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಹಾಕಿಸಿದವಳು.

“ಮೂರನೇ ತಾರೀಕು ಪರೀಕ್ಷೆ ಕಣೇ, ಅದ್ರಲ್ಲೇ. ಏನೂ ಆಗಲ್ಲ ತಾನೆ?”

“ಇಬ್ರು ನೋಡ್ದೆ ಇಲ್ಲಿಂದ ಏನೂ ಹೊರಗೆ ಹೋಗಲ್ಲ ಅಕ್ಕಾ.”

ಜೂನ್ 3, ಮಂಗಳವಾರ. ಬೆಳಿಗ್ಗೆ 8.20

ಅಕ್ಕನ ಫೋನ್. “ಸ್ಕ್ರೀನ್ ಕಪ್ಪಗಿದೆ ಲರಸ್. ಮೂವತ್ತೆರಡೂ. ಮಕ್ಕಳು ಕೂತಿದಾರೆ. ಹೆಡ್‌ಮಾಸ್ಟರ್ ನನ್ನ ಹಿಂದೇನೇ ನಿಂತಿದಾರೆ…”

ನಿನ್ನೆ ಹೊರಟ ಅಪ್‌ಡೇಟ್. ಸ್ಕ್ರೀನಿಗೆ ಚಿತ್ರ ತರುವ ಪ್ಯಾಕೇಜು. ಹಳೆಯ ಕಂಪ್ಯೂಟರುಗಳು ಒಮ್ಮೆ ಆಫ್ ಆದರೆ ಮತ್ತೆ ಏಳುತ್ತಿಲ್ಲ. ಯಾವ ಕತ್ತೆ ಇದಕ್ಕೆ ಸರಿ ಹಾಕಿದ್ದು? ಸಿಗಲಿ. ಗುಂಪಿನಿಂದ ಒದ್ದು ಓಡಿಸುತ್ತೇನೆ.

11.00

ಪರೀಕ್ಷೆ ಮುಂದಕ್ಕೆ. ನಾಳೆಯೇ ಹೆಡ್‌ಮಾಸ್ಟರ್ ಕೆನಾರಿ ತೆಗೆಸುತ್ತಾರಂತೆ. ಮಕ್ಕಳ ಎದುರೇ ಅಕ್ಕನಿಗೆ ಬೈದರಂತೆ.

ದಾಖಲೆ ತೆಗೆದು ನೋಡಿದೆ. ಎರಡು ಹೆಸರು. ಒಂದು ಹಂದಕ. ಇನ್ನೊಂದು ನಾನು.

ಜೂನ್ 1, ಮಧ್ಯಾಹ್ನ. ನಾಲ್ಕು ನಿಮಿಷದಲ್ಲಿ ಮೂವತ್ತೆಂಟು ಸರಿ. ನೆನಪಿದೆ. ಪಟ್ಟಿ ಮತ್ತೆ ಬೆಳೆದಿತ್ತು, ಸೊನ್ನೆ ಕೆಡಬಾರದೆಂದು ಹಟ. ಒಂದು ಕೈಯಲ್ಲಿ ಸಲಾಕ್ ಹಣ್ಣು, ಇನ್ನೊಂದು ಎಂಟರ್ ಮೇಲೆ. ಟೆಸ್ಟಿಂಗಿಗೆಂದೇ ಇಟ್ಟುಕೊಂಡ ಹಳೆಯ ಕಂಪ್ಯೂಟರು ನನ್ನದು. ಒಂದು ಸಲ ಆಫ್ ಮಾಡಿ ಆನ್ ಮಾಡಿದ್ದರೆ ಅಲ್ಲೇ ಕಾಣುತ್ತಿತ್ತು. ಮಾಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ನಾಚಿಕೆಯಾಗಬೇಕು ನನಗೆ!

11.30

ಹಂದಕ ಫೋನ್ ಮಾಡಿದ. “ಅಕ್ಕಾ, ಸರ್ವರ್ ನನ್ ಕೈಲೇ ಇದೆ. ನಮ್ಮಿಬ್ರ ಹೆಸ್ರೂ ಅಳಿಸಿಬಿಡ್ತೀನಿ. ಟೂಲ್ ತಾನಾಗೇ ಅಪ್‌ಡೇಟ್ ಬಿಟ್ಬಿಡ್ತು ಅಂದ್ರಾಯ್ತು.”

“ಆ ಟೂಲ್ ಬರ್ದಿದ್ದು ಯಾರೋ?”

“ಅದಕ್ಕೇ ಹೇಳ್ತಿರೋದು. ನೀನೇ ಬರ್ದಿದ್ದು ಅಂದ್ಮೇಲೆ ನಿನ್ನ ಯಾರು ಬೈತಾರೆ?”

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಗೊತ್ತಾಗುತ್ತಿತ್ತು — ಅರೆಕ್ಷಣ ಹೂಂ ಅನ್ನಬೇಕೆನಿಸಿದ್ದಕ್ಕೇ ಇಷ್ಟು ಸಿಟ್ಟು.

12.10

ಎಂಟರ್‌ನ ಆ ಸಾಲು ತೆಗೆದೆ. ಗುಂಪಿಗೆ ಬರೆಯಲು ಕುಳಿತೆ. ಯಾವ ಅಪ್‌ಡೇಟ್, ಯಾವ ಶಾಲೆ, ಎಷ್ಟು ಮಕ್ಕಳು… ಬರೆದೆ. ಮೊದಲ ಸರಿ ಹಂದಕನದು. ಅದನ್ನೂ ಸರಾಗವಾಗಿ ಬರೆದೆ. ಎರಡನೆಯದಕ್ಕೆ ಹತ್ತು ನಿಮಿಷದಿಂದ ಕೈ ಏಳುತ್ತಿಲ್ಲ.

ಅಕ್ಕ ಮತ್ತೆ ಫೋನ್ ಮಾಡುತ್ತಿದ್ದಾಳೆ. ಯಾರು ಅಂತ ಗೊತ್ತಾಯ್ತಾ ಎಂದೇ ಕೇಳುತ್ತಾಳೆ. ಗುಂಪು ಆಮೇಲೆ. ಮೊದಲು ಅವಳಿಗೆ ಹೇಳಬೇಕು, ನಾನೇ ಎಂದು.