ಬ್ಯಾಟರಿಗೆ ನೀರು ಹಾಕಿದ್ದೇನೆ

ಕ್ಯಾಂಪ್, ಪುಣೆ
14 ನವೆಂಬರ್ 2024

ಪ್ರೀತಿಯ ಶೈಲಶ್ರೀಗೆ,

ಕಾಗದ ಬಿಚ್ಚಿದೆಯಲ್ಲ, ಅಷ್ಟಾದರೂ ಪುಣ್ಯ. ಕುರಕುಂಭ ಏನು ಕಾಶಿಯೇ? ಎರಡು ತಾಸಿನ ದಾರಿ. ದೀಪಾವಳಿಗೂ ಬರಲಿಲ್ಲ, ಫೋನೂ ಎತ್ತುವುದಿಲ್ಲ. ನಾಲ್ಕನೇ ಇಯತ್ತೆ ಕಲಿತ ಮುದುಕಿ ಪೆನ್ನು ಹಿಡಿಯಬೇಕಾಯಿತು. ಮೈ ಹುಷಾರಿದೆಯೇ? ಕಾರ್ಖಾನೆಯ ಗಾಳಿಗೆ ಕೆಮ್ಮು ಹತ್ತಿಲ್ಲ ತಾನೇ? ನನ್ನ ಮೊಣಕಾಲು ಮೊದಲಿನಂತೆಯೇ ಇದೆ, ಬಾಯಿಯೂ.

ನಿನ್ನ ದುರ್ಬೀನಿಗೆ ನನ್ನ ಹಳೆಯ ಇಳಕಲ್ಲ ಸೀರೆ ಹೊದಿಸಿದ್ದೇನೆ. ಇನ್ವರ್ಟರಿನ ಬ್ಯಾಟರಿಗೆ ತಿಂಗಳು ತಿಂಗಳು ನಾನೇ ನೀರು ಹಾಕುತ್ತೇನೆ. ನಳದ ನೀರಲ್ಲ, ಅಂಗಡಿಯಿಂದ ತರಿಸಿದ ಬ್ಯಾಟರಿ ನೀರು. ನಲವತ್ತು ವರ್ಷ ಬ್ಯಾಟರಿ ಅಂಗಡಿ ನಡೆಸಿದವರ ಹೆಂಡತಿಗೆ ಅಷ್ಟು ತಿಳಿಯುತ್ತದೆ. ಅಮಾವಾಸ್ಯೆ ಬಂದರೆ ನೀನೂ ಅಜ್ಜನೂ ದುರ್ಬೀನು, ಬ್ಯಾಟರಿ ಎರಡನ್ನೂ ಟೆಂಪೋದಲ್ಲಿ ಹಾಕಿಕೊಂಡು ಸಾಸವಡದ ಆಚೆಯ ಹೊಲಕ್ಕೆ ನಕ್ಷತ್ರ ನೋಡಲು ಹೋಗುತ್ತಿದ್ದಿರಿ. ನಕ್ಷತ್ರ ಸರಿದಂತೆ ದುರ್ಬೀನು ತಿರುಗಿಸುವ ಮೋಟಾರನ್ನು ನೀನು ಇನ್ವರ್ಟರಿಗೆ ಹಚ್ಚಿದ್ದಕ್ಕೆ ಅವರು ಒಮ್ಮೆ ಬೈದಿದ್ದರು: "ಹನ್ನೆರಡು ವೋಲ್ಟಿನ ಮೋಟಾರಿಗೆ ಬ್ಯಾಟರಿಯಿಂದ ಸೀದಾ ವೈರ್ ಎಳಿಯವ್ವಾ. ಇನ್ನೂರಾಮೂವತ್ತಕ್ಕ ಏರಿಸಿ ಮತ್ತ ಇಳಿಸಿದರ ಹಾದ್ಯಾಗ ಕರೆಂಟು ಸೋರತದ." ಗಾಜಿಗೆ ಇಬ್ಬನಿ ಕೂಡದಂತೆ ಸುತ್ತುವ ಬಿಸಿ ಪಟ್ಟಿಯೇ ಭಾಳ ನುಂಗುತ್ತದೆ ಎಂದೂ ಅನ್ನುತ್ತಿದ್ದರು.

ಆಮೇಲೆ ಅಜ್ಜನಿಗೆ ಉಸಿರಿನ ರೋಗ ಹತ್ತಿತು; ಕರೆಂಟು ಹೋದರೂ ಅವರ ಆಕ್ಸಿಜನ್ ಮಶೀನು ನಡೆಯಲೆಂದು ಅದೇ ಬ್ಯಾಟರಿಯನ್ನು ಮನೆಯಲ್ಲಿಯೇ ಇಡಬೇಕಾಯಿತು. ಫೆಬ್ರವರಿಯ ಅಮಾವಾಸ್ಯೆಗೆ ನೀನು ಅದನ್ನು ಒಯ್ದೆ. ಸಂಜೆ ಕರೆಂಟು ಹೋಯಿತು. ಬೆಳಗಿನ ಜಾವ ಅವರು ಹೋದರು. ನೀನು ಹೊಸ್ತಿಲಲ್ಲಿ ಬ್ಯಾಟರಿ ಇಳಿಸುತ್ತಿದ್ದಾಗ ಬಂದ ಮಂದಿಯ ಮುಂದೆಲ್ಲ ನಾನು ಅಂದೆ: "ಇದು ಮನ್ಯಾಗ ಇದ್ದಿದ್ದರ ಅವರು ಇರತಿದ್ದರು." ನೀನು ಅಳಲಿಲ್ಲ. ಬ್ಯಾಟರಿಯನ್ನು ಅದರ ಜಾಗದಲ್ಲಿಟ್ಟು, ವೈರ್ ಜೋಡಿಸಿ, ಬಟ್ಟೆಯಿಂದ ಒರೆಸಿದೆ. ವಾರದೊಳಗೆ ಕುರಕುಂಭದ ನೌಕರಿ ಹಿಡಿದೆ.

ಮಲ್ಲಯ್ಯ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜಿ
ಭೀಮವ್ವ

ತಾ.ಕ.: ಆ ಸಂಜೆ ಮಶೀನು ನಿಲ್ಲಲಿಲ್ಲ. ಕೆಳಗಿನ ಮನೆಯ ರಂಗೂಬಾಯಿ ತನ್ನ ಇನ್ವರ್ಟರಿನಿಂದ ನಮ್ಮ ಕಿಟಕಿಗೆ ವೈರ್ ಎಳೆದುಕೊಟ್ಟಳು. ನೀನು ಹೊಲಕ್ಕೆ ಹೋಗಲೆಂದು ನಿನ್ನ ಅಜ್ಜನೇ ಅವಳಿಗೆ ಮೊದಲೇ ಹೇಳಿಟ್ಟಿದ್ದರು. ಬೆಳಗಿನ ಜಾವ ಉಸಿರು ನಿಂತಿತ್ತು, ಮಶೀನು ಗುರ್ ಅನ್ನುತ್ತಲೇ ಇತ್ತು. ಅದನ್ನು ಬಂದ್ ಮಾಡಿದ್ದು ಇದೇ ಕೈ. ಎಲ್ಲ ಗೊತ್ತಿದ್ದೂ ಹಾಗೆ ಅಂದೆ. ಸಿಟ್ಟು ಯಾರ ಮೇಲಾದರೂ ಇಳಿಸಬೇಕಿತ್ತು, ಎದುರಿಗೆ ನೀನಿದ್ದೆ. ಒಂಬತ್ತು ತಿಂಗಳು ನಾನು ಇದನ್ನು ಬಾಯಿ ಬಿಡಲಿಲ್ಲ. ಡಿಸೆಂಬರ್ ಒಂದಕ್ಕೆ ಅಮಾವಾಸ್ಯೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. ಆ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ. ಬೈದಾದರೂ ಬರೆ.