ಎಡಗಾಲಿನ ಅಚ್ಚು

ಅಂಗಡಿಯ ಹಿಂದಿನ ಕೋಣೆಯಿಂದ
ಹನ್ನೆರಡನೇ ತಾರೀಕು, ಭಾನುವಾರ ಮಧ್ಯಾಹ್ನ

ಅಣ್ಣಾ,

‘ಪ್ರೀತಿಯ’ ಎಂದು ಬರೆದು ಆ ಹಾಳೆಯನ್ನು ಹರಿದುಹಾಕಿದೆ. ಇದು ಎರಡನೆಯ ಹಾಳೆ. ಆರೋಗ್ಯವಾಗಿದ್ದೀಯಾ? ಇದ್ದೇ ಇರುತ್ತೀಯ, ಆ ಆಶ್ರಮದಲ್ಲಿ ಬೆಟ್ಟದ ಗಾಳಿ, ಹೊತ್ತು ಹೊತ್ತಿಗೆ ಊಟ, ಮಧ್ಯಾಹ್ನದವರೆಗೆ ಮೌನ. ಮೌನ ಮುಗಿದ ಮೇಲೆ ಎಲ್ಲರೂ ವೃತ್ತವಾಗಿ ಕುಳಿತು ಬದುಕಿನ ಅರ್ಥದ ಬಗ್ಗೆ ಮಾತಾಡುತ್ತೀರಂತೆ, ನೀನೇ ಬರೆದಿದ್ದೆ. ನಿನ್ನ ಆ ಹಳೆಯ ಕೆಮ್ಮು ಏನಾಯಿತು? ಕೇಳಬಾರದು ಎಂದುಕೊಂಡಿದ್ದೆ, ಕೇಳಿಬಿಟ್ಟೆ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ, ಅಂದರೆ ಬೆಳಿಗ್ಗೆಯಿಂದ ಯಾರನ್ನಾದರೂ ಬೈಯುತ್ತಲೇ ಇದ್ದಾರೆ.

ಅಪ್ಪನಿಗೆಂದು ನೀನು ಬರೆದ ಕಾಗದವನ್ನು ನಾನೇ ಓದಿ ಹೇಳಬೇಕಾಯಿತು, ಅದೂ ಅಂಗಡಿಯಲ್ಲಿ, ಇಬ್ಬರು ಗಿರಾಕಿಗಳು ಸ್ಟೂಲಿನ ಮೇಲೆ ಬರಿಗಾಲಲ್ಲಿ ಕುಳಿತಿದ್ದಾಗ. ನಾಲ್ಕು ಜನರ ಮುಂದೆ ಓದುವುದೆಂದರೆ ನನ್ನ ದನಿ ಪಿಸುಮಾತಿಗೆ ಇಳಿಯುತ್ತದೆ ಎಂದು ನಿನಗೆ ಗೊತ್ತು. ‘ದೇಹ ಒಂದು ಹಳೆಯ ಶೂ ಇದ್ದ ಹಾಗೆ ಅಪ್ಪಾ, ಸವೆದ ಮೇಲೆ ನಗುನಗುತ್ತ ಕಳಚಿಡಬೇಕು’ ಎಂಬ ಸಾಲು ಬಂದಾಗ ಅಲ್ಲಿಗೇ ನಿಲ್ಲಿಸಿದೆ. ಅಪ್ಪ ಹೊಲಿಗೆಯಿಂದ ತಲೆ ಎತ್ತದೆ, “ನಲವತ್ತು ವರ್ಷದಲ್ಲಿ ಹಳೇ ಶೂ ಬಿಸಾಕಿ ಅಂತ ಯಾವ ಗಿರಾಕಿಗೂ ನಾನು ಹೇಳಿಲ್ಲ. ಹೊಸ ಅಟ್ಟೆ ಹಾಕಿಕೊಡ್ತೀನಿ ಅಂದಿದ್ದೀನಿ. ಮುಂದಕ್ಕೆ ಓದು” ಎಂದರು. ಗಿರಾಕಿಗಳು ನಕ್ಕರು. ನಾನು ನಗಲಿಲ್ಲ. ಸಾಹಿತ್ಯ ಓದಿದವಳಿಗೆ ಉಪಮೆಯ ಬಗ್ಗೆ ಅಷ್ಟಿಷ್ಟು ಗೊತ್ತಿರುತ್ತದೆ ಅಣ್ಣಾ. ಶೂ ಹೊಲಿಯುವವನ ಮಗನಾಗಿ, ಹೊಲಿಯುವುದನ್ನು ಬಿಟ್ಟುಹೋಗಿ, ಅವರ ಕಸುಬಿನಿಂದಲೇ ಒಂದು ಉಪಮೆ ಎತ್ತಿಕೊಂಡು ಅವರಿಗೇ ಸಾಯಲು ಹೇಳಿಕೊಟ್ಟೆಯಲ್ಲ, ಇದಕ್ಕೆ ನನ್ನ ಯಾವ ಪಠ್ಯದಲ್ಲೂ ಹೆಸರಿಲ್ಲ. ಅತ್ತೆಯ ಹತ್ತಿರ ಇದೆ, ಆದರೆ ಕಾಗದದಲ್ಲಿ ಬರೆಯುವಂಥದ್ದಲ್ಲ.

ಈಗ ಅಪ್ಪನ ವಿಷಯ. ಹೃದಯದ ಕವಾಟ ಹಾಳಾಗಿದೆ ಎಂದಷ್ಟೇ ನಿನಗೆ ಗೊತ್ತು, ಅಷ್ಟು ಕೇಳಿಸಿಕೊಂಡೇ ನೀನು ‘ಇದಕ್ಕೆಲ್ಲ ಏನರ್ಥ ಅಂತ ಹುಡುಕಬೇಕು’ ಎಂದು ಚೀಲ ಹೆಗಲಿಗೇರಿಸಿದೆ. ಆಮೇಲೆ ದೊಡ್ಡ ಡಾಕ್ಟರನ್ನು ನೋಡಿದೆವು. ಆಪರೇಷನ್ ಮಾಡಿದರೆ ಬದುಕಬಹುದು, ಮೇಜಿನ ಮೇಲೇ ಹೋಗಲೂಬಹುದು. ಮಾಡದಿದ್ದರೆ ಒಂದಷ್ಟು ದಿನ ಇರಬಹುದು, ನಾಳೆಯೇ ಹೋಗಲೂಬಹುದು ಎಂದರು. ಅಪ್ಪ ಸಿಟ್ಟಿಗೆದ್ದರು. “ಯಾವುದಾದ್ರೂ ಒಂದು ಹೇಳಿ ಡಾಕ್ಟ್ರೇ. ಕಾಲಿಗೆ ಹಿಡಿಸಬಹುದು, ಹಿಡಿಸದೆಯೂ ಇರಬಹುದು ಅಂತ ನಾನು ಶೂ ಕೊಟ್ರೆ ಜನ ಅದರಲ್ಲೇ ಹೊಡೀತಾರೆ.” ಡಾಕ್ಟರಿಗೆ ಬೇಸರವಾಯಿತು. ನಾನು ಕ್ಷಮಿಸಿ ಎಂದು ಪಿಸುಗುಟ್ಟಿದೆ, ಅದಕ್ಕೂ ಅಪ್ಪ ಬೈದರು.

ಅವತ್ತು ಮನೆಗೆ ಬಂದವರೇ ಅಂಗಡಿಯ ಹಲಗೆಯ ಮೇಲಿಂದ ತಮ್ಮ ಕಾಲಿನ ಅಚ್ಚುಗಳನ್ನು ಇಳಿಸಿದರು. ನಮ್ಮ ಅಂಗಡಿಯ ಪದ್ಧತಿ ನೀನು ಮರೆತಿರಲಾರೆ. ಪ್ರತಿ ಗಿರಾಕಿಯ ಪಾದದ ಆಕಾರಕ್ಕೆ ಕೆತ್ತಿದ ಮರದ ಅಚ್ಚಿನ ಜೋಡಿ ಹಲಗೆಯ ಮೇಲಿರುತ್ತದೆ. ಗಿರಾಕಿ ಸತ್ತರೆ ಮನೆಯವರೊಬ್ಬರು ಬಂದು ಹೇಳಬೇಕು, ಹೇಳಿದ ದಿನ ಆ ಜೋಡಿ ಅಂಟು ಕಾಯಿಸುವ ಒಲೆಗೆ ಹೋಗುತ್ತದೆ. ಗಾಳಿಮಾತು ಕೇಳಿ ಯಾರ ಅಚ್ಚನ್ನೂ ಇಳಿಸುವಂತಿಲ್ಲ. ಅಪ್ಪ ತಮ್ಮ ಜೋಡಿಯನ್ನು ಒಲೆಗೆ ತುರುಕುವಾಗ ಅತ್ತೆ ಓಡಿಬಂದು, “ಬದುಕಿರೋವಾಗ್ಲೇ ಇದೇನೋ ಮಾಡ್ತಿದ್ದೀಯ, ಪಾಪಿ!” ಎಂದು ಕೈ ಹಿಡಿದರೆ, “ಮನೆಯವನು ಬಂದು ಹೇಳ್ಬೇಕು ತಾನೆ? ಹೇಳ್ತಾ ಇದ್ದೀನಲ್ಲ” ಎಂದರು. ಚೆನ್ನಾಗಿ ಒಣಗಿದ ಮರ, ಬೇಗ ಹತ್ತಿಕೊಂಡಿತು. ಅದು ನೀನು ಕೆಲಸ ಕಲಿಯುವಾಗ ಕೆತ್ತಿದ ಮೊದಲ ಜೋಡಿ. ಅಡಿಯಲ್ಲಿ ನಿನ್ನ ಉಳಿಯ ಗುರುತು ಇತ್ತು. ಅವರು ಸುಟ್ಟದ್ದು ತಮ್ಮ ಕಾಲನ್ನೋ ನಿನ್ನ ಕೈಯನ್ನೋ ಎಂದು ನಾನು ಕೇಳಲಿಲ್ಲ. ನಾನು ಯಾವುದನ್ನು ತಾನೆ ಬಾಯಿಬಿಟ್ಟು ಕೇಳಿದ್ದೇನೆ?

ಮೂರ್ಖತನ ಅನ್ನುವುದು ಮಾರನೆಯ ದಿನವೇ ಅವರಿಗೂ ಗೊತ್ತಾಯಿತು. ಕಾಲು ಊದಿಕೊಂಡು ಹಳೆಯ ಶೂ ಹತ್ತಲಿಲ್ಲ. ಹೊಸದು ಹೊಲಿಯೋಣವೆಂದರೆ ಅಚ್ಚೇ ಇಲ್ಲ! ಸ್ಟೂಲಿನ ಮೇಲೆ ಗಿರಾಕಿಯ ಹಾಗೆ ಕುಳಿತು ನನ್ನನ್ನು ಕರೆದು, “ಅಳತೆ ತಗೋ” ಎಂದರು. ಟೇಪು ಮುಟ್ಟಿದರೆ ಗದರುತ್ತಿದ್ದವರು. ಅವರ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅಳೆದೆ. ಹಿಟ್ಟಿನ ಮುದ್ದೆಯಂತೆ ಮೆತ್ತಗಿತ್ತು, ಒತ್ತಿದ ಬೆರಳಿನ ಕುಳಿ ಹಾಗೇ ನಿಲ್ಲುತ್ತಿತ್ತು. ಅಳತೆ ಹೇಳಿದರೆ ಮತ್ತೆ ಬೈಗುಳ. “ಇದು ಊತದ ಅಳತೆ. ಇದಕ್ಕೆ ಅಚ್ಚು ಕೆತ್ತಿದ್ರೆ ಇನ್ನು ಹೀಗೇ ಇರ್ತೀನಿ ಅಂತ ಒಪ್ಪಿಕೊಂಡ ಹಾಗೆ. ಊತ ಇಳಿದ ಮೇಲೆ ಎಷ್ಟಿರುತ್ತೋ ಅಷ್ಟಕ್ಕೆ ಕೆತ್ತಬೇಕು.” ಇಳಿಯುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ಅತ್ತೆ ಅದನ್ನೇ ಕೇಳಿದರು, ಇನ್ನೂ ಒರಟಾಗಿ: “ಸಾಯೋಕೆ ಹೊರಟವನಿಗೆ ಹೊಸ ಶೂ ಬೇರೆ ಕೇಡು!” ಅಪ್ಪ ಮರದ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ, “ಸತ್ರೆ ಬರಿಗಾಲಲ್ಲಿ ಹೋಗ್ತೀನಿ ಅಕ್ಕಾ, ಅದಕ್ಕೇನೂ ಬೇಕಿಲ್ಲ. ಬದುಕಿದ್ರೆ? ಬದುಕಿದ್ರೆ ಕಾಲಿಗೆ ಏನು ಹಾಕ್ಕೊಳ್ಳಲಿ?” ಎಂದರು. ಅತ್ತೆ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ನಿನ್ನ ವೃತ್ತದಲ್ಲಿ ಕುಳಿತವರಿಗೆ ಇದನ್ನು ಹೇಳು. ಇದಕ್ಕೆ ಏನರ್ಥ ಎಂದು ಅವರು ಚರ್ಚಿಸಲಿ. ನನಗೂ ಮೊದಲು ಅರ್ಥದ ಹುಚ್ಚೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ, ಯಾವುದಾದರೂ ಪುಟದಲ್ಲಿ ಯಾರಾದರೂ ನಮಗಾಗಿ ಒಂದು ಸಾಲು ಬರೆದಿಟ್ಟಿರಬಹುದು ಎಂದು. ಬಹಳ ಒಳ್ಳೆಯ ಸಾಲುಗಳು ಸಿಕ್ಕವು. ಒಂದೂ ಅಪ್ಪನಿಗೆ ಉಸಿರು ಕಟ್ಟಿದಾಗ ಕೆಲಸಕ್ಕೆ ಬರಲಿಲ್ಲ. ಹಾಗೆಂದು ಅವರ ಅಚ್ಚು ನೋಡಿ ನನಗೆ ಜ್ಞಾನೋದಯವಾಯಿತು ಎಂದುಕೊಳ್ಳಬೇಡ. ನನಗೆ ಹೆದರಿಕೆ. ಅವರು ಚಕ್ಕೆ ಎಬ್ಬಿಸುವ ಸದ್ದು ನಿಂತರೆ ಕೋಣೆಯಿಂದ ಇಣುಕಿ ನೋಡುತ್ತೇನೆ. ನೋಡಿದರೆ, “ಇನ್ನೂ ಇದ್ದೀನಿ, ಹೋಗು” ಎನ್ನುತ್ತಾರೆ. ದಿನವೂ ಇಷ್ಟೇ ನಡೆಯುತ್ತದೆ. ನಿನ್ನ ಶಾಂತಿಯನ್ನು ನೀನೇ ಇಟ್ಟುಕೋ. ಇನ್ನು ಮುಂದೆ ಅಪ್ಪನಿಗೆ ಅಂಥ ಕಾಗದ ಬರೆದರೆ ನಾನು ಓದಿ ಹೇಳುವುದಿಲ್ಲ, ಒಲೆ ಹತ್ತಿರದಲ್ಲೇ ಇದೆ.

ಅತ್ತೆ ಆಶೀರ್ವಾದ ತಿಳಿಸಿಲ್ಲ. “ಕೈಗೆ ಸಿಕ್ಕಿದ್ರೆ ನಾಲ್ಕು ಬಿಗೀತೀನಿ ಅಂತ ಬರಿ” ಎಂದಿದ್ದಾರೆ, ಬರೆದಿದ್ದೇನೆ. ಅಪ್ಪ ಏನೂ ಹೇಳಿಲ್ಲ. ಕೆಮ್ಮಿಗೆ ಬಿಸಿನೀರು ಕುಡಿ.

ಇತಿ,
ನೀನು ‘ಪಿಸುಮಾತು’ ಎಂದು ಆಡಿಕೊಳ್ಳುತ್ತಿದ್ದ ತಂಗಿ

ಮರೆತಿದ್ದೆ: ಅಪ್ಪ ಒಪ್ಪಿದ್ದಾರೆ. ಆಪರೇಷನ್ ಬರುವ ತಿಂಗಳ ಮೊದಲ ಗುರುವಾರ. ಬಲಗಾಲಿನ ಅಚ್ಚು ಮುಗಿದಿದೆ. ಎಡಗಾಲಿನ ಮರ ಬೆಂಚಿನ ಮೇಲೆ ಚೌಕವಾಗಿಯೇ ಬಿದ್ದಿದೆ. ಆ ಕಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿರುವುದು ಊತದಲ್ಲಿ ಈಗ ಕಾಣುವುದಿಲ್ಲ, ನನ್ನ ಟೇಪಿಗೂ ಸಿಗಲಿಲ್ಲ. ಅದನ್ನು ಹಿಂದೆ ಒಮ್ಮೆ ಕೆತ್ತಿದವನು ನೀನು. ನಿನ್ನೆ ಅಪ್ಪ ಉಳಿ ಹಿಡಿದು ಅದರ ಮುಂದೆ ಬಹಳ ಹೊತ್ತು ಕುಳಿತಿದ್ದು, ಆಮೇಲೆ ಉಳಿಯನ್ನು ಒರೆಸಿ ಬೆಂಚಿನಲ್ಲಿ ನೀನು ಕೂರುತ್ತಿದ್ದ ಜಾಗದಲ್ಲಿಟ್ಟು ಎದ್ದರು. ನಾನು ನೋಡಿದ್ದನ್ನು ನೋಡಿ, “ಕೈ ನಡುಗುತ್ತೆ ಅಂತ ಅವನಿಗೆ ಬರೀಬೇಡ” ಎಂದರು.

ಬರೆದಿದ್ದೇನೆ.